ಕ್ಯಾಮೆರಾ ಮುಂದೆ ದೊಡ್ಡವ್ವನ ಮರಾಠಿ

ನಾನು ನಟನೆಗೆ ಇಳಿದು ಆಗ ಒಂಬತ್ತು ವರ್ಷವಾಗಿತ್ತು. ಅಷ್ಟೂ ವರ್ಷ ಜನ ಮೊಬೈಲಿನಲ್ಲಿ ನೋಡುವ ಮರಾಠಿ ವೆಬ್ ಸರಣಿಗಳಲ್ಲೇ ಕೆಲಸ. ಮನೆಗೆಲಸದವಳಾಗಿ ಮೂರು ಸಲ, ಹವಾಲ್ದಾರನ ಹೆಂಡತಿಯಾಗಿ ಎರಡು ಸಲ, ಹೆಣ ನೋಡಿ ಕಿರುಚುವ ನೆರೆಮನೆಯವಳಾಗಿ ಎಷ್ಟು ಸಲವೋ ನೆನಪಿಲ್ಲ. ಮೊದಲ ದಿನವೇ ಪುಣೆಯ ನಿರ್ದೇಶಕರೊಬ್ಬರು, "ನಿನ್ನ ಮರಾಠಿಗೆ ಗಡಿಯ ಮಣ್ಣು ಮೆತ್ತಿಕೊಂಡಿದೆ, ತೊಳೆದುಕೊಂಡು ಬಾ" ಅಂದಿದ್ದರು. ನಾನೂ ಪೆದ್ದಿ, ಕನ್ನಡಿ ಮುಂದೆ ನಿಂತು ತಿಂಗಳುಗಟ್ಟಲೆ ತೊಳೆದೆ. ತೊಳೆದ ಮೇಲೂ ಸಿಕ್ಕಿದ್ದು ಮನೆಗೆಲಸದವಳ ಪಾತ್ರವೇ. ಆಗ ಬಂದ ಸಿಟ್ಟು ನನ್ನನ್ನು ನಿರ್ದೇಶಕಿ ಮಾಡಿತು. ಪ್ರತಿಭೆ ಗಿತಿಭೆ ಎಲ್ಲ ಆಮೇಲಿನ ಮಾತು.

ಬರೆಯಲು ಕೂತಾಗ ಕೈಗೆ ಬಂದದ್ದು ದೊಡ್ಡವ್ವನ ಗಿರಣಿ. ದೊಡ್ಡವ್ವ ನನ್ನ ಅವ್ವನ ಅಕ್ಕ. ಮಹಾರಾಷ್ಟ್ರಕ್ಕೆ ಸೇರಿದ, ಮನೆಮಾತು ಕನ್ನಡವೇ ಆದ ಗಡಿಯ ಜತ್ತ ತಾಲೂಕಿನ ಅಸಂಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಜೋಳ ಬೀಸಿಸಲು ಬಂದ ಹೆಂಗಸರು ಡಬ್ಬಿ ಸರದಿಗಿಟ್ಟು ಕೂತರೆ ಸೊಸೆಯಿಂದ ಊರ ಲೆಕ್ಕ ಬರೆಯುವ ತಲಾಠಿಯವರೆಗೆ ಯಾರೂ ಅವಳ ಬಾಯಿಗೆ ಸಿಗದೆ ಉಳಿಯುವುದಿಲ್ಲ. "ನಿನ್ನ ಜೋಳಕ್ಕ ಹತ್ತ ನಿಮಿಷ, ನಿನ್ನ ಗೋಳಿಗಿ ಒಂದ ತಾಸು. ಮೊದಲ ಯಾವುದು ಬೀಸಲಿ ಹೇಳು?" ಎಂದು ಅವಳು ಕೇಳಿದರೆ ಅಳುತ್ತ ಬಂದವಳೂ ನಗಬೇಕು. ಅಂಥ ಮಾತನ್ನು ನಾನು ಕೆಲಸ ಮಾಡಿದ ಯಾವ ಸರಣಿಯಲ್ಲೂ ಕೇಳಿರಲಿಲ್ಲ.

ಸರಣಿಗಳನ್ನು ತೋರಿಸುವ ಮುಂಬೈಯ ಒಂದು ಆ್ಯಪಿನವರಿಗೆ ಕತೆ ಹಿಡಿಸಿತು. ಭಾಷೆ ಮಾತ್ರ ಹಿಡಿಸಲಿಲ್ಲ. ನಮ್ಮ ಊರ ಕನ್ನಡದಲ್ಲಿ, ನಮ್ಮ ಊರವರಿಂದಲೇ ಮಾಡಿಸುತ್ತೇನೆ ಎಂದು ಹಟ ಹಿಡಿದೆ. ಅಲ್ಲಿನ ಅಧಿಕಾರಿ ಒಂದು ಕರಾರು ಹಾಕಿದ. ವಾರದೊಳಗೆ ಮೊದಲ ಕಂತು ಚಿತ್ರೀಕರಿಸಿ ತೋರಿಸಬೇಕು. ಅದು ಆಗದಿದ್ದರೆ ಇಡೀ ಸರಣಿ ಮರಾಠಿಯಲ್ಲಿ, ಗಿರಣಿಯವಳ ಪಾತ್ರಕ್ಕೆ ಪುಣೆಯ ಹೆಸರಾಂತ ನಟಿ. "ನೀವು ಸೊಸೆಯ ಪಾತ್ರ ಮಾಡಿ" ಎಂದು ಬೇರೆ ಸೇರಿಸಿದ. ಒಪ್ಪಿದೆ. ಗಿರಣಿಯವಳ ಪಾತ್ರಕ್ಕೆ ದೊಡ್ಡವ್ವನೇ ಇದ್ದಾಳೆ, ಇನ್ನೇನು ಭಯ ಎಂದುಕೊಂಡೆ.

ಬಾಡಿಗೆ ಕ್ಯಾಮೆರಾ ಇದ್ದದ್ದು ಮೂರೇ ದಿನ. ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ಸುಮ್ಮನಾದ ಮೇಲೆ ನಮ್ಮ ಕೆಲಸ. ಮೊದಲ ದಿನ ಬೆಳಿಗ್ಗೆ ದೊಡ್ಡವ್ವನಿಂದ ತಾಲೀಮು ಮಾಡಿಸಿದೆ. ನಾನು ಬರೆದ ಮಾತನ್ನು ಪಕ್ಕಕ್ಕಿಟ್ಟು ಅದಕ್ಕಿಂತ ಚಲೋ ಮಾತು ಹೇಳಿದಳು. ನನಗೆ ಕುಣಿದಾಡುವಷ್ಟು ಸಂತೋಷ. ಅಷ್ಟರಲ್ಲಿ ಮುಚ್ಚಂಡಿಯಲ್ಲಿ ಬಸ್ಸು ಬದಲಿಸಿ ನಮ್ಮ ಕ್ಯಾಮೆರಾದವರು ಬಂದರು. ಪುಣೆಯವರು, ಐವತ್ತು ದಾಟಿದ ಸಂಭಾವಿತ ಮನುಷ್ಯ, ಕನ್ನಡದ ಒಂದಕ್ಷರ ಬಾರದವರು. ದೊಡ್ಡವ್ವ "ಯಾ, ಬಸಾ" ಎಂದು ಮರಾಠಿಯಲ್ಲೇ ಕರೆದು ಕೂಡಿಸಿ, ಚಹಾ ಕೊಟ್ಟಳು.

ಕ್ಯಾಮೆರಾ ಓಡತೊಡಗಿತು. ದೊಡ್ಡವ್ವ ತಹಸೀಲ್ದಾರರ ಮುಂದೆ ಅರ್ಜಿ ಹಿಡಿದು ನಿಂತವಳಂತೆ ಸೆರಗು ಸರಿಮಾಡಿಕೊಂಡಳು, ಬೆನ್ನು ನೆಟ್ಟಗೆ ಮಾಡಿದಳು, ಮತ್ತು ಇಡೀ ಮಾತನ್ನು ಮರಾಠಿಯಲ್ಲಿ ಒಪ್ಪಿಸಿದಳು.

ನಿಲ್ಲಿಸಿದೆ. ಕನ್ನಡದಲ್ಲಿ ಹೇಳಬೇಕೆಂದು ತಿಳಿಸಿದೆ. "ಹೂಂ" ಅಂದಳು. ಕ್ಯಾಮೆರಾ ಮತ್ತೆ ಓಡಿತು, ಮತ್ತೆ ಮರಾಠಿ. ಡಬ್ಬಿ ಹಿಡಿದು ಕೂತವರ ಪಾತ್ರ ಮಾಡುತ್ತಿದ್ದ ಊರಿನ ಇಬ್ಬರು ಹೆಂಗಸರೂ ಅವಳ ಹಿಂದೆಯೇ ಮರಾಠಿಗೆ ಹೊರಳಿದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವಂತಾಯಿತು ನನ್ನ ಪಾಡು. ಎರಡನೆಯ ದಿನವೂ ಅದೇ. ನಮ್ಮ ಮಾತಿಗೆ ನಾವೇ ನಾಚಿದರೆ ಹೇಗೆ, ಅಭಿಮಾನ ಬೇಡವೇ ಎಂದು ದೊಡ್ಡ ಭಾಷಣ ಬಿಗಿದೆ. ಮೂವರೂ ತಲೆ ಬಗ್ಗಿಸಿ ಕೇಳಿದರು, ಕ್ಯಾಮೆರಾ ಓಡಿದ ಕೂಡಲೇ ಮರಾಠಿಯಲ್ಲಿ ಶುರುಮಾಡಿದರು.

"ಮರಾಠಿಯಲ್ಲೂ ಚೆನ್ನಾಗಿಯೇ ಮಾಡುತ್ತಾರೆ, ಬಿಟ್ಟುಬಿಡಿ" ಎಂದರು ಕ್ಯಾಮೆರಾದವರು. ನನಗೆ ಮೈಯೆಲ್ಲ ಉರಿಯಿತು. ಬಿಟ್ಟರೆ ಗಿರಣಿ ಪುಣೆಯ ನಟಿಯ ಪಾಲು, ನನಗೆ ಮತ್ತೆ ಚಿಕ್ಕ ಪಾತ್ರ, ಸೊಸೆಯದು. ಅವರು ಸಾಮಾನು ಕಟ್ಟಿ ಬಿಡಾರಕ್ಕೆ ಹೋದ ಕೂಡಲೇ ದೊಡ್ಡವ್ವನ ಮೇಲೆ ಹರಿಹಾಯ್ದೆ.

"ಅಷ್ಟ ಯಾಕ ಅಂಜತಿ ದೊಡ್ಡವ್ವ? ನಮ್ಮ ಮಾತಿಗಿ ನಾಚಿಕಿ ಏನು?"

ದೊಡ್ಡವ್ವ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ನಾಚಿಕಿ ಯಾತರದ ಮಗಳ? ಪಾವಣ್ಯಾರು ಮನಿಗಿ ಬಂದಾರ. ಕನ್ನಡ ಒಂಚೂರೂ ಬರೂದಿಲ್ಲ ಅವರಿಗಿ. ಅವರ ಎದುರಿಗಿ ಕುಂತು ಅವರಿಗಿ ತಿಳೀದ ಮಾತು ಆಡೂದಂದ್ರ, ಬೆನ್ನ ಹಿಂದ ಆಡಿಕೊಂಡಂಗ ಆಕ್ಕೈತಿ. ಅದೂ ನಾವು ನಗೂ ಮಾತು. ತಮ್ಮನ್ನ ನೋಡೇ ನಗಲಾಕತ್ತಾರ ಅಂತ ಅವರು ತಿಳಕೊಂಡ್ರ?"

"ಮತ್ತ ಮೊದಲ ಯಾಕ ಹೇಳಲಿಲ್ಲ?"

"ಅವರ ಮುಂದ ಹ್ಯಾಂಗ ಹೇಳ್ಲಿ? ಮತ್ತ ನೀನೂ ಅವರ ಬಾಜೂಕ ನಿಂತು, ಕನ್ನಡ ಮಾತಾಡ್ರಿ ಅಂತ ಮರಾಠಿ ಒಳಗಽ ಹೇಳಲಾಕತ್ತಿದ್ದಿ. ನಿನಗೂ ರೀತಿ ರಿವಾಜು ಇನ್ನೂ ನೆನಪೈತಿ ಅಂದ್ಕೊಂಡೆ."

ಎರಡು ದಿನ ಅಭಿಮಾನದ ಪಾಠ ಹೇಳಿದ್ದೆ, ಅದನ್ನೂ ಮರಾಠಿಯಲ್ಲಿ. ಚಿಕ್ಕಂದಿನಿಂದ ನೋಡಿ ಬೆಳೆದ ಪದ್ಧತಿ ಅದು. ಬೆಳುಂಕಿಯಿಂದ ಮರಾಠಿ ಮಾತಿನ ಬೀಗರು ಬಂದರೆ ನಮ್ಮ ಮನೆಯ ಮಕ್ಕಳು ಕೂಡ ಊಟದ ಪಂಕ್ತಿಯಲ್ಲಿ ಮರಾಠಿಯನ್ನೇ ಆಡುತ್ತಿದ್ದವು. ಅದನ್ನು ಮರೆತು ನಾನು ಇವರ ಮರ್ಯಾದೆಗೆ ನಾಚಿಕೆ ಎಂದು ಹೆಸರಿಟ್ಟಿದ್ದೆ.

ಮೂರನೆಯ ದಿನ ಬೆಳಿಗ್ಗೆಯೇ ಕ್ಯಾಮೆರಾದವರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸಬೇಕು, ಅದೂ ಮಧ್ಯಾಹ್ನದೊಳಗೆ ಎಂದು ಕೇಳಿಕೊಂಡೆ. ಅವರು ಸಿಟ್ಟಾಗಲಿಲ್ಲ. "ಇಷ್ಟು ಗೌರವ ನನಗೆ ಯಾವ ಸೆಟ್ಟಿನಲ್ಲೂ ಸಿಕ್ಕಿಲ್ಲ" ಎಂದು ನಕ್ಕರು. ಮೂರು ತಾಸು ಕೂತು ಬೆಳಕು ಎಷ್ಟು, ದೂರ ಎಷ್ಟು, ಗಿರಣಿಯ ಹಿಟ್ಟು ಲೆನ್ಸಿಗೆ ಕೂತರೆ ಹೇಗೆ ಒರೆಸಬೇಕು ಎಂದೆಲ್ಲ ಕಲಿಸಿದರು. ಮಧ್ಯಾಹ್ನ ದೊಡ್ಡವ್ವನಿಗೆ ಕೈಮುಗಿದು, ದಾಳಿಂಬೆ ತೋಟ ನೋಡಿ ಬರುತ್ತೇನೆಂದು ಊರಾಚೆ ಹೊರಟರು.

ಗಿರಣಿಯಲ್ಲಿ ನಾವೇ ನಾವು ಉಳಿದೆವು. ಒಂಬತ್ತು ವರ್ಷ ಕ್ಯಾಮೆರಾದ ಮುಂದೆ ನಿಂತವಳು ಮೊದಲ ಸಲ ಅದರ ಹಿಂದೆ ನಿಂತೆ. ಚಿತ್ರ ಚೌಕಟ್ಟಿನಲ್ಲಿ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಅಲುಗಾಡಿದರೆ ಅಲುಗಾಡಲಿ, ಇವತ್ತು ಮುಗಿಸಿಯೇ ಏಳುವುದು ಎಂದು ಹಲ್ಲು ಕಚ್ಚಿದೆ. ದೊಡ್ಡವ್ವ ಬಾಯಿ ತೆರೆದಳು. ಕನ್ನಡ ಬಂತು, ಬೈಗುಳವೂ ಬಂತು, ನಗುವೂ ಬಂತು. ಕಂತಿನ ಎಲ್ಲ ದೃಶ್ಯಗಳೂ ಒಂದೊಂದೇ ಸಲಕ್ಕೆ ಆದವು.

ಕೊನೆಯ ದೃಶ್ಯದಲ್ಲಿ ಅವಳೊಬ್ಬಳೇ. ಊರು ಬಿಟ್ಟ ಮಗಳ ನೆನಪಿನಲ್ಲಿ ಸುಮ್ಮನೆ ಡಬ್ಬಿ ಒರೆಸುತ್ತ ಕೂರಬೇಕು ಎಂದು ಬರೆದಿದ್ದೆ. ಅವಳು ಒರೆಸಿದಳು. ಆಮೇಲೆ ತಲೆಯೆತ್ತಿ ನೇರವಾಗಿ ಲೆನ್ಸಿನೊಳಗೆ, ಎಂದರೆ ನನ್ನನ್ನೇ, ನೋಡಿದಳು.

"ಇಷ್ಟ ವರ್ಷ ನೀ ಫೋನ್ ಹಚ್ಚಿದಾಗೊಮ್ಮೆ ನನ್ನ ಕೂಡ ಮರಾಠೀನಽ ಮಾತಾಡಿದಿ. ನಾ ಒಮ್ಮಿನೂ ಬ್ಯಾಸರಾ ಮಾಡಕೊಳ್ಳಲಿಲ್ಲ. ಪಾಪ, ಆಕಿ ಬಾಜೂಕ ಯಾರರೆ ಕನ್ನಡ ಬಾರದವರು ಕುಂತಿರತಾರ, ಅವರ ಮರ್ಯಾದಿಗಿ ಹಂಗ ಮಾತಾಡತಾಳ ಅಂತ ತಿಳಕೊಂಡೆ. ಖರೆ ಹೇಳು ಮಗಳ, ಯಾರರೆ ಕುಂತಿರತಿದ್ರೇನು?"

ಕ್ಯಾಮೆರಾ ಓಡುತ್ತಲೇ ಇತ್ತು. ಚಿತ್ರೀಕರಣದ ನಡುವೆ ನಿರ್ದೇಶಕರ ದನಿ ಕೇಳಿಸಬಾರದು ಎಂಬುದು ಈ ಕಸುಬಿನ ಮೊದಲ ಪಾಠ. ನನ್ನ ಬಾಡಿಗೆ ಕೋಣೆ ಕಣ್ಣ ಮುಂದೆ ಬಂತು. ಗಡಿಯವಳೆಂದು ಗೋಡೆಯಾಚೆಯವರಿಗೆ ಗೊತ್ತಾದೀತೆಂದು ದನಿ ತಗ್ಗಿಸಿ, ಒಬ್ಬಳೇ ಮಂಚದ ಮೇಲೆ ಕೂತು, ಇವಳೊಡನೆ ಮರಾಠಿ ಆಡುತ್ತಿದ್ದೆ.

"ಯಾರೂ ಇರತಿರಲಿಲ್ಲ ದೊಡ್ಡವ್ವ" ಅಂದೆ.

ಅವಳು ಬೈಯಲಿಲ್ಲ. "ಹೌದಾ?" ಎಂದಷ್ಟೇ ಹೇಳಿ, ಮತ್ತೊಂದು ಡಬ್ಬಿ ತೆಗೆದುಕೊಂಡು ಒರೆಸತೊಡಗಿದಳು.

ಆ್ಯಪಿನವರು ಕಂತು ನೋಡಿದರು. ಚಿತ್ರ ಅಲುಗಾಡುತ್ತದೆ, ಅದನ್ನು ಹೇಗಾದರೂ ಸರಿಮಾಡೋಣ, ಆದರೆ ಕೊನೆಯಲ್ಲಿ ನಿಮ್ಮ ದನಿ ಸೇರಿಕೊಂಡಿದೆ, ಆ ಎರಡು ನಿಮಿಷ ಕತ್ತರಿಸಿದರೆ ಕನ್ನಡದಲ್ಲೇ ತೆಗೆದುಕೊಳ್ಳುತ್ತೇವೆ ಎಂದರು. ಕತ್ತರಿಸುವುದಿಲ್ಲ ಎಂದೆ. ಕಂತನ್ನು ನನ್ನದೇ ಚಾನೆಲ್ಲಿನಲ್ಲಿ ಹಾಕಿದೆ, ಮತ್ತು ಆ ಎರಡು ನಿಮಿಷವನ್ನು ಎತ್ತಿ ಎಲ್ಲಕ್ಕಿಂತ ಮೊದಲು ಇಟ್ಟೆ.