ಹಳ್ಳದ ಬಂಗಾರ ನೆಕ್ಕಿದ ಕೂಸು

ನನ್ನ ಮೊಮ್ಮಗಳು ಹುಟ್ಟಿದ ಒಂಬತ್ತನೆಯ ದಿನ ಬೆಳಿಗ್ಗೆ ಚಹಾ ಕುಡಿದ ಕಪ್ಪು ಇಡಲೆಂದು ಅಡುಗೆಮನೆಗೆ ಹೋದೆ. ನನ್ನ ಹೆಂಡತಿ ಸಾಣೆಕಲ್ಲು ತೊಳೆಯಲು ಎತ್ತಿಕೊಂಡಿದ್ದಳು. ಕಲ್ಲಿನ ಮೇಲೆ ಜೇನುತುಪ್ಪದ ಅಂಟು, ಬಜೆ ಬೇರಿನ ವಾಸನೆ. ಬಜೆಯನ್ನೂ ಬಂಗಾರವನ್ನೂ ಜೇನಿನಲ್ಲಿ ನಾಲ್ಕು ಸುತ್ತು ತೇಯ್ದು ಕೂಸಿನ ನಾಲಿಗೆಗೆ ಹಚ್ಚುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುವ ಪದ್ಧತಿ. ಕೂಸಿಗೆ ಬುದ್ಧಿ ಬರುತ್ತದೆ, ಮಾತು ಸ್ಪಷ್ಟವಾಗುತ್ತದೆ ಎನ್ನುತ್ತಾರೆ. ನನಗೂ ನೆಕ್ಕಿಸಿದ್ದರಂತೆ. ಸಾಮಾನ್ಯವಾಗಿ ಅಜ್ಜಿಯ ಕೈಬೆರಳಿನ ಉಂಗುರವನ್ನೇ ತೇಯುತ್ತಾರೆ. ಅಂದು ಮಾತ್ರ ಹೆಂಡತಿಯ ಉಂಗುರ ಬೆರಳಲ್ಲೇ ಇತ್ತು, ಒಣಗಿಯೇ ಇತ್ತು. ಕಟ್ಟೆಯ ಮೇಲೆ ನನ್ನ ಗಾಜಿನ ಸೀಸೆ ಮುಚ್ಚಳ ತೆಗೆದು ಬಿದ್ದಿತ್ತು.

ಅದರಲ್ಲಿದ್ದ ಬಂಗಾರದ ಗುಂಡು ಎಲ್ಲಿ ಎಂದು ಕೇಳಿದೆ. ಅವಳು ಸೆರಗಿನ ತುದಿ ಬಿಚ್ಚಿ ತೋರಿಸಿದಳು.

“ಕೂಸಿಗೆ ನೆಕ್ಕಿಸಿ ಬಂದೆ. ಅಂಗಡಿ ಬಂಗಾರಕ್ಕ ತಾಮ್ರ ಕೂಡಿಸಿರ್ತಾರ, ನಂದ ಚೊಕ್ಕ ಐತಿ ಅಂತ ನೀವ ಹೇಳ್ತಿದ್ರಲ್ಲ.”

ಹೌದು, ನಾನೇ ಹೇಳುತ್ತಿದ್ದೆ. ಮನೆಗೆ ಬಂದವರಿಗೆಲ್ಲ ಸೀಸೆ ತೋರಿಸಿ ಹೇಳುತ್ತಿದ್ದೆ. ಸಾಣೆಕಲ್ಲಿನ ಮೇಲೆ ಉಳಿದಿದ್ದ ಗೆರೆ ಹಳದಿಯಾಗಿತ್ತು, ಆದರೆ ಅದರ ಅಂಚಿಗೆ ಬೂದಿ ಬಣ್ಣವಿತ್ತು. ಅದೇನೆಂದು ಗದಗಿನ ಆ ಓಣಿಯಲ್ಲಿ ನನ್ನೊಬ್ಬನಿಗೆ ಮಾತ್ರ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡದೆ ಕಪ್ಪು ಇಟ್ಟು ಹೊರಗೆ ಬಂದೆ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಇನ್ನೊಬ್ಬರ ತಪ್ಪು ಹುಡುಕಿ ಕೆಂಪು ಗೆರೆ ಎಳೆಯುವುದು ನನ್ನ ಕಸುಬಾಗಿತ್ತು, ಆಮೇಲೆ ಅದೇ ಸ್ವಭಾವವಾಯಿತು. ನಿವೃತ್ತಿಯಾದ ಮೇಲೆ ತಪ್ಪು ಹುಡುಕಲು ಮನೆಯಲ್ಲಿ ಹೆಂಡತಿಯೊಬ್ಬಳೇ ಉಳಿದಳು. ಅವಳು ಎರಡು ತಿಂಗಳು ಸಹಿಸಿ, ಎಲ್ಲಿಗಾದರೂ ಹೋಗಿ ಬರ್ರಿ ಎಂದಳು. ಹಾಗೆ ಹೊರಟವನು ಮುಂಡರಗಿ ಬಸ್ಸು ಹತ್ತಿ, ಕಪ್ಪತಗುಡ್ಡದ ಬುಡದ ಹಳ್ಳಿಯೊಂದರಲ್ಲಿ ಇಳಿದೆ. ಊರಾಚೆ, ಕಾಡಿನ ಗಡಿಯಿಂದ ಈಚೆಗೆ, ಹೊಲಗಳ ನಡುವೆ ಒಂದು ಹಳ್ಳ. ಮಳೆ ಬಂದು ಹೋದ ಮೇಲೆ ಅದರ ಉಸುಕಿನಲ್ಲಿ ಬಂಗಾರದ ಕಣ ಸಿಗುತ್ತದೆ ಎಂದು ಹುಡುಗನಾಗಿದ್ದಾಗಿನಿಂದ ಕೇಳಿದ್ದೆ, ನಂಬಿರಲಿಲ್ಲ.

ಅಲ್ಲಿ ಒಬ್ಬ ಮುದುಕ ಮೊಣಕಾಲುದ್ದ ನೀರಿನಲ್ಲಿ ಕೂತು ಮರಿಗೆ ಆಡಿಸುತ್ತಿದ್ದ. ಮರಿಗೆ ಎಂದರೆ ಒಂದೇ ಮರದಲ್ಲಿ ಕೊರೆದ ಅಗಲ ಬಾಯಿಯ ತಟ್ಟೆ. ಅವನ ಅಜ್ಜ, ಮುತ್ತಜ್ಜ ಎಲ್ಲ ಜಾಲಗಾರರು, ಅಂದರೆ ಉಸುಕು ತೊಳೆದು ಬಂಗಾರ ತೆಗೆದೇ ಹೊಟ್ಟೆ ಹೊರೆದವರು. ಈಗ ಅದರಿಂದ ಹೊಟ್ಟೆ ತುಂಬುವುದಿಲ್ಲ, ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ, ತಾನು ಚಟಕ್ಕೆ ಬರುತ್ತೇನೆ ಎಂದ. ಚಟ ಎಂದದ್ದು ನನಗೆ ಹಿಡಿಸಿತು. ಉಸುಕು ತುಂಬಿ, ನೀರಲ್ಲಿ ಅದ್ದಿ, ವಾಲಿಸಿ ವಾಲಿಸಿ ಹಗುರ ಮಣ್ಣನ್ನು ಹರಿಯಬಿಟ್ಟರೆ ತಳದಲ್ಲಿ ಕರಿ ಉಸುಕು ಉಳಿಯುತ್ತದೆ. ಅದರ ಅಂಚಿನಲ್ಲಿ, ಅದೃಷ್ಟವಿದ್ದ ದಿನ, ಸೂಜಿಮೊನೆಯಷ್ಟು ಹಳದಿ. ಮೊದಲ ಕಣ ಕಂಡಾಗ ಬೆರಳಿನಿಂದ ಎತ್ತಲು ಹೋದೆ, ಅದು ಮತ್ತೆ ನೀರು ಪಾಲಾಯಿತು. ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ.

ನಾನೂ ಒಂದು ಮರಿಗೆ ಮಾಡಿಸಿಕೊಂಡು ಮೂರು ಮಳೆಗಾಲ ಆ ಹಳ್ಳದಲ್ಲಿ ಸೊಂಟ ನೋಯಿಸಿಕೊಂಡೆ. ಅಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ. ಆದರೆ ಹಿಟ್ಟಿನಂಥ ಬಂಗಾರವನ್ನು ಕರಿ ಉಸುಕಿನಿಂದ ಬೇರೆ ಮಾಡಲು ಕೈ ಸಾಲದು, ಪಾದರಸ ಬೇಕು. ಪಾದರಸದ ಒಂದು ಹನಿ ಉಸುಕಿನ ಮೇಲೆ ಉರುಳಿಸಿದರೆ ಅದು ಬಂಗಾರವನ್ನೆಲ್ಲ ನುಂಗುತ್ತದೆ. ಅದನ್ನು ಬಟ್ಟೆಯಲ್ಲಿ ಹಿಂಡಿ, ಉಳಿದ ಮುದ್ದೆಯನ್ನು ಕೆಂಡದ ಮೇಲೆ ಕಾಸಿದರೆ ಪಾದರಸ ಆವಿಯಾಗಿ ಹೋಗಿ ಬಂಗಾರ ಉಳಿಯುತ್ತದೆ. ಪರಿಚಯದ ಅಕ್ಕಸಾಲಿಗನಿಂದ ಸ್ವಲ್ಪ ಪಾದರಸ ತಂದೆ. ಮಗಳು ಮೊದಲ ಹೆರಿಗೆಗೆ ನಮ್ಮ ಮನೆಗೆ ಬರುವ ಒಂದು ತಿಂಗಳ ಮುಂಚೆ, ಒಂದು ಮಧ್ಯಾಹ್ನ ಹಿತ್ತಲಲ್ಲಿ ಕೂತು ಕಾಸಿದೆ. ಬಂಗಾರ ಕರಗಿಸುತ್ತಿದ್ದೇನೆ ಎಂದಷ್ಟೇ ಹೆಂಡತಿಗೆ ಹೇಳಿದೆ. ಪಾದರಸದ ಸುದ್ದಿ ಎತ್ತಿದ್ದರೆ ಅವಳು ಮರಿಗೆ ಸಮೇತ ಎಲ್ಲವನ್ನೂ ಬೀದಿಗೆ ಎಸೆಯುತ್ತಿದ್ದಳು. ಕೆಂಡ ಆರಿತು, ಗುಂಡಿನ ಮೈ ಹಳದಿಯಾಗಿ ಕಂಡಿತು, ನನಗೆ ಪುರಸೊತ್ತಿರಲಿಲ್ಲ. ಇನ್ನೊಮ್ಮೆ ಕಾಸಬೇಕಿತ್ತು, ಕಾಸಲಿಲ್ಲ. ಒಳಗೆ ಎಷ್ಟು ಪಾದರಸ ಉಳಿದಿತ್ತೋ ಯಾರಿಗೆ ಗೊತ್ತು. ತೊಗರಿಕಾಳಿಗಿಂತ ಸ್ವಲ್ಪ ಸಣ್ಣ ಗುಂಡು ಅದು. ಸೀಸೆಯಲ್ಲಿ ಹತ್ತಿ ಇಟ್ಟು ಅದನ್ನು ಶೋಕೇಸಿನಲ್ಲಿ ಕೂಡಿಸಿದೆ.

ಆ ಬೆಳಿಗ್ಗೆ ನಾನು ಪಡಸಾಲೆಗೆ ಬಂದು ಮಾಡಿದ ಮೊದಲ ಕೆಲಸ ಹೇಳಿದರೆ ನಗಬೇಡಿ. ಕಪಾಟಿನಿಂದ ಹತ್ತನೆಯ ತರಗತಿಯ ಹಳೆಯ ಪುಸ್ತಕ ತೆಗೆದು ಲೋಹಗಳ ಪಾಠ ಓದಿದೆ. ನೂರಾರು ಸಲ ಕಲಿಸಿದ ಪಾಠ. ಪಾದರಸವು ಸಾಮಾನ್ಯ ಉಷ್ಣತೆಯಲ್ಲಿ ದ್ರವರೂಪದಲ್ಲಿರುವ ಲೋಹ ಎಂದಿತ್ತು. ಒಂಬತ್ತು ದಿನದ ಕೂಸಿನ ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂದು ಇರಲಿಲ್ಲ. ಮೊಬೈಲಿನಲ್ಲಿ ಹುಡುಕಿದೆ, ಎರಡು ಸಾಲು ಓದಿ ಮುಂದೆ ಓದಲಾರದೆ ಮುಚ್ಚಿಟ್ಟೆ. ಆಮೇಲೆ ಬಾಣಂತಿ ಕೋಣೆಗೆ ಹೋಗಿ ಕೂಸಿನ ಪಕ್ಕ ಕೂತೆ. ಅದು ಸೀನಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಹನ್ನೊಂದಕ್ಕೆ ಹಾಲು ಕಕ್ಕಿತು. ಎಲ್ಲ ಕೂಸುಗಳೂ ಕಕ್ಕುತ್ತವೆ ಎಂದು ಹೆಂಡತಿ ಭುಜದ ಮೇಲೆ ಹಾಕಿ ತಟ್ಟಿದಳು. ನಾನು ಆ ಕಕ್ಕಿದ ಹಾಲನ್ನು ಬಟ್ಟೆಯ ಮೇಲೆ ಬೆರಳಿಟ್ಟು ನೋಡಿದೆ, ಅದರಲ್ಲಿ ಏನಾದರೂ ಮಿನುಗುತ್ತದೆಯೋ ಎಂದು.

ಹೇಳಬೇಕು ಎಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಬೇರೇನೋ ಮಾತು ತೆಗೆದೆ. ಹೆದರಿಕೆ ಕೂಸಿನ ಬಗ್ಗೆ ಎಂದು ಅಂದುಕೊಂಡಿದ್ದೆ. ಖರೆ ಹೇಳುತ್ತೇನೆ, ಅದರಲ್ಲಿ ಒಂದು ಪಾಲು ನನ್ನ ಮರ್ಯಾದೆಯದೂ ಇತ್ತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಊಟ ಮುಗಿದ ಮೇಲೆ ಕೂಸು ಎಂದಿಗಿಂತ ಹೆಚ್ಚು ಹೊತ್ತು ಮಲಗಿತು. ಎಬ್ಬಿಸಲು ಹೋದೆ. ಸುಮ್ಮನೆ ಮಲಗಿದ್ದನ್ನ ಯಾಕ ಎಬ್ಬಸ್ತೀ ಎಂದು ಮಗಳು ಕೈ ತಡೆದಳು. ಆಗ ಇನ್ನು ತಡೆದುಕೊಳ್ಳಲು ಆಗಲಿಲ್ಲ. ಹೆಂಡತಿಯನ್ನೂ ಕರೆದು, ಇಬ್ಬರ ಮುಂದೆಯೂ ಎಲ್ಲ ಹೇಳಿದೆ. ಆ ಗುಂಡಿನಲ್ಲಿ ಪಾದರಸ ಉಳಿದಿರಬಹುದು, ಅದು ವಿಷ, ಬೆಳಿಗ್ಗೆ ಕೂಸಿನ ನಾಲಿಗೆಗೆ ಹಚ್ಚಿದ್ದು ಅದೇ. ಹೆಂಡತಿ ತಲೆ ಮೇಲೆ ಕೈ ಹೊತ್ತು ನೆಲಕ್ಕೆ ಕುಸಿದಳು. ಮಗಳು ಅಳಲಿಲ್ಲ, ಬೈಯಲಿಲ್ಲ. ಕೂಸನ್ನು ಎತ್ತಿ ಎದೆಗವಚಿಕೊಂಡು ನನ್ನನ್ನು ನೋಡಿದಳು.

“ನಿನಗ ಯಾವಾಗ ಗೊತ್ತಾತು, ಅಪ್ಪಾ?”

“ಮುಂಜಾನೆ.”

“ಈಗ ಮೂರು ಗಂಟಿ ಆಗೇತಿ.”

ಆಟೋ ತರಲು ಓಡಿದೆ. ಬಾಣಂತಿ ಹಸಿ ಮೈಯಲ್ಲಿ ಹೊರಗೆ ಹೊರಟದ್ದನ್ನು ಕಂಡು ಓಣಿಯ ಹೆಂಗಸರು ಬಾಗಿಲಿಗೆ ಬಂದರು. ಯಾರಿಗೂ ಏನೂ ಹೇಳದೆ ಹತ್ತಿ ಕೂತೆವು. ಆಟೋ ಗುಂಡಿ ಹಾರಿದಾಗಲೆಲ್ಲ ಮಗಳು ಕೂಸಿನ ಮೂಗಿನ ಹತ್ತಿರ ಕಿವಿ ಇಟ್ಟು ಕೇಳುತ್ತಿದ್ದಳು.

ಮಕ್ಕಳ ಡಾಕ್ಟರು ನನ್ನ ಕೈಯಲ್ಲೇ ಕಲಿತ ಹುಡುಗಿ. ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಕೂಸನ್ನು ತಿರುವಿ ಮುರುವಿ ನೋಡಿ, ಕಣ್ಣು ನೋಡಿ, ಹೊಟ್ಟೆ ಒತ್ತಿ, ತೇಯ್ದದ್ದು ಎಷ್ಟು ಎಂದು ಹೆಂಡತಿಯನ್ನು ಕೇಳಿದಳು. ನಾಲ್ಕು ಸುತ್ತು ಎಂದು ಉತ್ತರ ಬಂತು. ಅಷ್ಟು ಚೂರು ಹೊಟ್ಟೆಗೆ ಹೋದದ್ದು ಮೈಗೆ ಹತ್ತುವುದು ಕಡಿಮೆ, ಬಹುಪಾಲು ಹಾಗೆಯೇ ಹೊರಗೆ ಹೋಗುತ್ತದೆ, ನುಂಗಿದ್ದಕ್ಕಿಂತ ಅದರ ಆವಿ ಉಸಿರಿಗೆ ಹೋಗುವುದೇ ಕೆಟ್ಟದ್ದು ಎಂದು ವಿವರಿಸಿದಳು. ಬದುಕಿದೆವು ಎಂದುಕೊಂಡೆ. ಅವಳು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ತಲೆ ಎತ್ತಿದಳು.

“ಕಾಸಿದ್ದು ಯಾವುದರಾಗ, ಸರ್?”

ಹಿತ್ತಲಲ್ಲಿ ಕಾಸಿದ್ದು, ಮನೆಯೊಳಗಲ್ಲ, ಒಂದು ಮಣ್ಣಿನ ಬಟ್ಟಲಲ್ಲಿ ಎಂದೆ. ಆ ಬಟ್ಟಲು ಈಗ ಎಲ್ಲಿದೆ ಎಂದು ಕೇಳಿದಳು. ತೊಳೆದು ಬಚ್ಚಲಮನೆಯ ಗೂಡಿನಲ್ಲಿಟ್ಟಿದ್ದೇನೆ ಎಂದೆ. ಹಿಂದೆ ನಿಂತಿದ್ದ ನನ್ನ ಹೆಂಡತಿಯ ಗಂಟಲಿನಿಂದ ಎಂಥದೋ ದನಿ ಹೊರಟಿತು.

“ಅದರಾಗ ಕೆಂಡ ಹಾಕಿ ದಿನಾ ಕೂಸಿಗೆ ಲೋಬಾನದ ಹೊಗಿ ಕೊಡ್ತೀನಿ.”

ಎಣ್ಣೆ ಹಚ್ಚಿ ಎರೆದ ಮೇಲೆ ಕೂಸಿನ ತಲೆ ಆರಿಸಲು, ಕೆಂಡದ ಮೇಲೆ ಲೋಬಾನ ಉದುರಿಸಿ, ಆ ಹೊಗೆಯ ಮೇಲೆ ಕೂಸನ್ನು ಹಿಡಿಯುತ್ತಾರೆ. ದವಾಖಾನೆಯಿಂದ ಮನೆಗೆ ಬಂದ ದಿನದಿಂದ ದಿನಾ ಬೆಳಿಗ್ಗೆ ನಡೆಯುತ್ತಿತ್ತು. ಬಾಗಿಲು ಮುಚ್ಚಿ, ಕಿಟಕಿಗೆ ಬಟ್ಟೆ ಕಟ್ಟಿ, ಗಾಳಿ ಸುಳಿಯದಂತೆ. ನಾನೇ ಎರಡು ಮೂರು ಸಲ ಕೆಂಡವನ್ನು ಬಾಗಿಲ ತನಕ ತಂದುಕೊಟ್ಟಿದ್ದೆ, ಒಳಗೆ ಯಾವ ಬಟ್ಟಲಿಗೆ ಹಾಕುತ್ತಾಳೆಂದು ನೋಡಿರಲಿಲ್ಲ.

ಮಣ್ಣಿನ ಬಟ್ಟಲು ಕುಡಿದ ಪಾದರಸವನ್ನು ತೊಳೆದರೆ ಬಿಡುವುದಿಲ್ಲ, ಕಾಸಿದರೆ ಆವಿಯಾಗಿ ಬಿಡುತ್ತದೆ. ಇದಕ್ಕೆ ಪುಸ್ತಕ ಬೇಕಿರಲಿಲ್ಲ. ಹಳ್ಳದ ಮುದುಕ ಮೊದಲ ವರ್ಷವೇ ಹೇಳಿದ್ದ. ಕಾಸುವುದಾದರೆ ಊರ ಹೊರಗೆ, ಗಾಳಿಗೆ ಬೆನ್ನು ಕೊಟ್ಟು ಕಾಸಬೇಕು, ಕಾಸಿದ ಬಟ್ಟಲನ್ನು ಅಲ್ಲೇ ಒಡೆದು ಗುಂಡಿ ತೋಡಿ ಮುಚ್ಚಬೇಕು, ಮನೆಯ ಹೊಸ್ತಿಲು ದಾಟಿಸಬಾರದು, ದಾಟಿಸಿದರೆ ಮನೆಯ ಮಕ್ಕಳಿಗೆ ಆಗಿಬರುವುದಿಲ್ಲ. ಯಾಕೆ ಎಂದು ಕೇಳಿದರೆ, ನಮ್ಮ ಹಿರಿಯರು ಹಂಗ ಮಾಡ್ಕೋತ ಬಂದಾರ ಎಂದಿದ್ದ. ನಾನು ಅವನಿಗೆ ಮೂಢನಂಬಿಕೆಯ ಮೇಲೆ ಕಾಲು ತಾಸು ಭಾಷಣ ಬಿಗಿದಿದ್ದೆ. ಗಟ್ಟಿ ಬಟ್ಟಲನ್ನು ಸುಮ್ಮನೆ ಯಾಕೆ ಒಡೆಯಬೇಕು ಎಂದು ಹಿತ್ತಲಿನಿಂದ ಒಳಗೆ ತಂದಿಟ್ಟಿದ್ದೆ.

ಇದನ್ನೆಲ್ಲ ಅಲ್ಲೇ ಹೇಳಿದೆ. ಡಾಕ್ಟರಮ್ಮ ನನಗೆ ಒಂದು ಮಾತು ಆಡುತ್ತಾಳೆ, ನೀವೇ ಕಲಿಸಿದ್ದಲ್ಲವೇ ಎನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ. ಕೂಸಿನ ರಕ್ತ, ಬಾಣಂತಿಯ ರಕ್ತ, ನಮ್ಮಿಬ್ಬರ ಮೂತ್ರ ತೆಗೆಸಿ ದೊಡ್ಡ ಲ್ಯಾಬಿಗೆ ಕಳಿಸಿದಳು. ಬಟ್ಟಲು, ಗುಂಡು, ಪಾದರಸದ ಬಾಟಲಿ ಎಲ್ಲವನ್ನೂ ಮುಚ್ಚಳ ಬಿಗಿದು ತಂದು ಒಪ್ಪಿಸಲು ಹೇಳಿದಳು. ಫಲಿತಾಂಶ ಬರುವವರೆಗೆ ಕೂಸು ಆ ಮನೆಯಲ್ಲಿ ಇರುವುದು ಬೇಡ ಎಂದಳು.

ಮಗಳು ದವಾಖಾನೆಯಿಂದಲೇ ಲಕ್ಷ್ಮೇಶ್ವರಕ್ಕೆ, ಗಂಡನ ಮನೆಗೆ ಹೋದಳು. ಅಳಿಯ ಕಾರು ಮಾಡಿಕೊಂಡು ಬಂದ. ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ಒಂಬತ್ತೇ ದಿನಕ್ಕೆ ಹೊರಟವಳನ್ನು ನೋಡಿ ಬೀಗರು ಏನು ತಿಳಿದರೋ. ನನ್ನ ಹೆಂಡತಿ ಬಾಣಂತಿ ಖಾರದ ಡಬ್ಬಿ, ಅಂಟಿನುಂಡೆಯ ಡಬ್ಬಿ ಮನೆಯಿಂದ ತಂದು ಕಾರಿನಲ್ಲಿಟ್ಟಳು. ಕಾರು ಹೊರಟ ಮೇಲೆ ಒಬ್ಬಳೇ ಮನೆಯ ಕಡೆ ನಡೆದಳು.

ಎಂಟು ದಿನ ಕಾದೆವು. ಅಷ್ಟು ಹೆದರಿಕೆಯನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಫೋನು ಬಂದರೆ ಕೆಟ್ಟ ಸುದ್ದಿಯೇ ಎಂದುಕೊಳ್ಳುತ್ತಿದ್ದೆ, ಬರದಿದ್ದರೆ ಇನ್ನೂ ಕೆಟ್ಟ ಯೋಚನೆ ಬರುತ್ತಿತ್ತು. ಕೂಸು ಕೈಕಾಲು ಆಡಿಸುತ್ತದೆಯೇ, ಸಪ್ಪಳಕ್ಕೆ ಬೆಚ್ಚುತ್ತದೆಯೇ ಎಂದು ಅಳಿಯನನ್ನು ಕೇಳುತ್ತಿದ್ದೆ. ಅವನು ಒಳ್ಳೆಯವನು, ಕೇಳಿದಷ್ಟು ಸಲವೂ ಹೇಳುತ್ತಿದ್ದ. ಇವಳು ದೊಡ್ಡವಳಾಗಿ ಮಾತು ತಡವಾದರೆ, ನಡಿಗೆ ತಡವಾದರೆ, ಲೆಕ್ಕ ತಪ್ಪಿದರೆ, ಪ್ರತಿ ಸಲವೂ ಅದು ನನ್ನ ಬಟ್ಟಲಿನಿಂದಲೇ ಆಯಿತೇ ಎಂದು ಕೇಳಿಕೊಳ್ಳುತ್ತ ಸಾಯಬೇಕು ಎಂದು ತಿಳಿಯಿತು. ಮರಿಗೆಯನ್ನು ತೆಗೆದುಕೊಂಡು ಹೋಗಿ ಹಳ್ಳದ ಮುದುಕನಿಗೆ ಕೊಟ್ಟು ಬಂದೆ. ಯಾಕೆ ಎಂದು ಅವನು ಕೇಳಿದ, ಸೊಂಟ ನೋವು ಎಂದೆ.

ಫಲಿತಾಂಶ ಬಂತು. ಕೂಸಿನದೂ ಮಗಳದೂ ಸರಿಯಿತ್ತು. ಹೆಂಡತಿಯದೂ ಸರಿಯಿತ್ತು. ನನ್ನದು ಮಾತ್ರ ಇರಬೇಕಾದ್ದಕ್ಕಿಂತ ಸ್ವಲ್ಪ ಮೇಲಿತ್ತು, ಮತ್ತೆ ಪಾದರಸ ಮುಟ್ಟದಿದ್ದರೆ ತಾನೇ ಇಳಿಯುತ್ತದೆ ಎಂದಳು ಡಾಕ್ಟರಮ್ಮ. ಕೂಸನ್ನು ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಜನರ ಎದುರೇ ಅತ್ತುಬಿಟ್ಟೆ, ಆಮೇಲೆ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.

ಮಗಳು ಹೊರಸಿನ ಮೇಲೆ ಕೂತಿದ್ದಳು. ಬಾಣಂತನ ಇಲ್ಲೇ ಮುಗಿಸುತ್ತೇನೆ, ಅವ್ವನನ್ನು ನಾಲ್ಕು ದಿನ ಕಳಿಸು ಎಂದಳು. ಆಗಲಿ ಎಂದೆ. ಕೂಸನ್ನು ಕೊಡು ಎಂದು ಕೇಳುವ ಧೈರ್ಯ ನನಗಿರಲಿಲ್ಲ, ಅವಳೇ ಎತ್ತಿ ನನ್ನ ತೊಡೆಯ ಮೇಲೆ ಮಲಗಿಸಿದಳು. ಮಲಗಿಸಿ, ಕೈ ಇನ್ನೂ ಪೂರ್ತಿ ಹಿಂದಕ್ಕೆ ತೆಗೆಯದೆ, ಮೆಲ್ಲಗೆ ಕೇಳಿದಳು.

“ಅಪ್ಪಾ, ಹೇಳೂದು ಇನ್ನೇನರ ಉಳದೈತೇನು?”

ಇಲ್ಲವ್ವಾ ಎಂದೆ. ಅದು ಖರೆಯೇ, ಏನೂ ಉಳಿದಿರಲಿಲ್ಲ. ಅವಳು ತಲೆಯಾಡಿಸಿ ಕೈ ತೆಗೆದಳು. ಆದರೆ ಕೂಸು ನನ್ನ ತೊಡೆಯ ಮೇಲೆ ಇದ್ದಷ್ಟು ಹೊತ್ತೂ ಅವಳು ಎದುರಿಗೆ ಕೂತು, ನನ್ನ ಮುಖ ನೋಡದೆ, ನನ್ನ ಎರಡು ಕೈಗಳನ್ನೇ ನೋಡುತ್ತಿದ್ದಳು.