ಸಮುದ್ರದ ಬದಲು ಲಾ ಲೇಯೋನಾ

ನೋಲ್ವಿಯಾ ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ ಮದುವೆಯಾದಾಗ ನಮ್ಮ ಗುಡ್ಡದವರು ಮೊದಲು ನಕ್ಕರು, ಆಮೇಲೆ ಊಟಕ್ಕೆ ಬಂದರು. ಹುಡುಗ ತೆಯೋದುಲೊ. ಹುಡುಗನೆಂದರೆ ಅವಳಿಗಿಂತ ಐದಾರು ವರ್ಷ ದೊಡ್ಡವನಾದ ವಿಧುರ, ಗೋಡೆಗೆ ಬಣ್ಣ ಬಳಿಯುವವನು. ಅವಳು ಹರೆಯದಿಂದಲೂ ಕೆಳಗಿನ ಬಡಾವಣೆಯ ಮನೆಗಳಲ್ಲಿ ಬಟ್ಟೆ ಇಸ್ತ್ರಿ ಮಾಡಿಕೊಂಡಿದ್ದವಳು. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಒಂದು ತಗಡು. ಅವಳು ಕೆಮ್ಮಿದರೆ ನಾನು ಇಲ್ಲಿಂದಲೇ “ನೀರು ಬೇಕಾ?” ಎಂದು ಕೇಳುತ್ತಿದ್ದೆ.

ಮದುವೆ ಮುಗಿಸಿ ತೇಲಾಗೆ ಹೋಗಿ ಸಮುದ್ರ ನೋಡಬೇಕೆಂದು ಇಬ್ಬರೂ ಕೂಡಿಟ್ಟಿದ್ದರು. ಮದುವೆಯ ಹಿಂದಿನ ವಾರ ಬಿದ್ದ ಮಳೆಗೆ ಮನೆ ಹಿಂದಿನ ತಡೆಗೋಡೆ ಅರ್ಧ ಜಾರಿಹೋಯಿತು. ಸಮುದ್ರದ ದುಡ್ಡು ಕಲ್ಲು ಸಿಮೆಂಟಿಗೆ ಹೋಯಿತು. ತೆಯೋದುಲೊ ಮುಖ ಸಣ್ಣದು ಮಾಡಿಕೊಂಡು ಕೂತ. ತಗಡಿನಾಚೆಯಿಂದ ಅವರ ಮಾತು ನನಗೆ ಕೇಳುತ್ತಿತ್ತು.

“ನಾಲ್ಕು ದಿನ ರಜೆ ಕೇಳಾಗಿದೆ. ಮನೇಲಿ ಕೂತು ಆ ಗೋಡೆ ನೋಡೋಣ್ವಾ? ನಡಿ, ನಮ್ಮ ತೆಗುಸಿಗಾಲ್ಪಾನೇ ನೋಡ್ಕೊಂಡು ಬರೋಣ,” ಎಂದಳು ನೋಲ್ವಿಯಾ.

“ಇಲ್ಲೇ ಹುಟ್ಟಿದೋರಿಗೆ ಇಲ್ಲೇನಿದೆ ನೋಡೋಕೆ?”

“ನೀನು ಪಿಕಾಚೊ ಹತ್ತಿದೀಯಾ?”

“ಇಲ್ಲ.”

“ನಾನೂ ಇಲ್ಲ. ಇಷ್ಟು ವರ್ಷದಿಂದ ಕೆಳಗಿಂದಾನೇ ಆ ಬೆಟ್ಟದ ಮೇಲಿನ ಕ್ರಿಸ್ತನ ಮೂರ್ತಿಗೆ ಶಿಲುಬೆ ಗುರುತು ಹಾಕ್ತಾ ಇದೀನಿ. ಅವನ ಮುಖ ಹ್ಯಾಗಿದೆ ಅಂತ ಗೊತ್ತಿಲ್ಲ.”

ಅವಳು ಹೇಳಿದ್ದು ಸುಳ್ಳಲ್ಲ. ನಮ್ಮಂಥವರಿಗೆ ಊರೆಂದರೆ ಕೆಲಸಕ್ಕೆ ಹೋಗುವ ದಾರಿ, ಸಂತೆಗೆ ಹೋಗುವ ದಾರಿ, ವರ್ಷಕ್ಕೊಮ್ಮೆ ಸುಯಾಪಾ ಮಾತೆಯ ಗುಡಿಗೆ ಹೋಗುವ ದಾರಿ. ಉಳಿದದ್ದೆಲ್ಲ ಬಸ್ಸಿನ ಕಿಟಕಿಯಲ್ಲಿ ಓಡಿಹೋಗುವಂಥದ್ದು.

ಮೊದಲ ದಿನ ಬೇಯಿಸಿದ ಮೊಟ್ಟೆ, ನಾನು ಸುಟ್ಟುಕೊಟ್ಟ ಮೆಕ್ಕೆಜೋಳದ ರೊಟ್ಟಿ ಕಟ್ಟಿಕೊಂಡು ಪಿಕಾಚೊಗೆ ಹೋದರು. ಸಂಜೆ ಬಂದವಳು ಅಂಗಳದಿಂದಲೇ ನನ್ನನ್ನು ಕೂಗಿದಳು: “ದಿಲ್ಸಿಯಾ, ಅಷ್ಟು ಹತ್ತಿರ ಹೋದ್ರೆ ಗದ್ದ ಮಾತ್ರ ಕಾಣುತ್ತೆ ಮಾರಾಯ್ತಿ!” ಮರುದಿನ ತೊಂಕೊಂತಿನ್ ವಿಮಾನ ನಿಲ್ದಾಣದ ರಸ್ತೆಯ ಬದಿಯಲ್ಲಿ ನಿಂತು ವಿಮಾನ ಇಳಿಯುವುದನ್ನು ನೋಡಿದರು. ಆಗಿನ್ನೂ ದೊಡ್ಡ ವಿಮಾನಗಳು ಗುಡ್ಡದ ತಲೆ ಸವರಿಕೊಂಡು ಅಲ್ಲಿಗೇ ಬರುತ್ತಿದ್ದವು. ಪ್ರತಿ ವಿಮಾನಕ್ಕೂ ತೆಯೋದುಲೊ ತಾನೇ ಇಳಿಸಿದವನಂತೆ ಚಪ್ಪಾಳೆ ತಟ್ಟಿದನಂತೆ.

ಮೂರನೆಯ ದಿನ ಎಡವಟ್ಟಾಯಿತು. ದೊಡ್ಡ ಇಗರ್ಜಿ ನೋಡಿ ಹೊರಬಂದಾಗ ಮಧ್ಯಾಹ್ನ. ನೋಲ್ವಿಯಾ ಬುತ್ತಿ ಬಿಚ್ಚಲು ಚೌಕದಲ್ಲಿ ಕಲ್ಲುಬೆಂಚು ಹುಡುಕುತ್ತಿದ್ದಳು. ತೆಯೋದುಲೊ ಅವಳ ಕೈಹಿಡಿದು ಹೋಟೆಲೊಂದಕ್ಕೆ ಕರೆದೊಯ್ದ. ಮೇಜಿಗೆ ಬಿಳಿ ಬಟ್ಟೆ ಹಾಸಿದ್ದರು. ಊಟದ ಬೆಲೆ ಕಂಡ ನೋಲ್ವಿಯಾ ಪಟ್ಟಿಯನ್ನು ಮಡಚಿಟ್ಟಳು. “ಒಂದು ಕಾಫಿ, ಎರಡು ಲೋಟ” ಎಂದು ಮಾಣಿಗೆ ಗಟ್ಟಿಯಾಗಿ ಹೇಳಿ, ಚೀಲ ತೊಡೆಯ ಮೇಲಿಟ್ಟುಕೊಂಡು ಮೊಟ್ಟೆ ಸುಲಿಯತೊಡಗಿದಳು. ಹೊರಗಿನ ತಿಂಡಿ ಇಲ್ಲಿ ತಿನ್ನುವಂತಿಲ್ಲ ಎಂದು ಮಾಣಿ ಹೇಳಿದ. ಪಕ್ಕದ ಮೇಜಿನಲ್ಲಿ ಯಾರೋ ನಕ್ಕರು. ತೆಯೋದುಲೊ ಕಾಫಿಯ ದುಡ್ಡಿಟ್ಟು ಎದ್ದುಬಿಟ್ಟ.

“ಜನ್ಮವಿಡೀ ಕಂಡೋರ ಹಿತ್ತಿಲಲ್ಲಿ ಕೂತು ಉಂಡಿದೀವಿ,” ಎಂದ ಬೀದಿಯಲ್ಲಿ. “ಒಂದೇ ಒಂದು ದಿನ ನಿನ್ನನ್ನ ಕುರ್ಚಿ ಮೇಲೆ ಕೂರಿಸಿ ಊಟ ಹಾಕಿಸೋಣ ಅಂತಿದ್ದೆ.”

“ಇದ್ದದ್ದು ತಿನ್ನೋಕೆ ನಾಚಿಕೆ ಯಾಕೆ?”

“ನಿನಗಿಲ್ಲ. ನನಗಿದೆ.”

ಅಷ್ಟು ಹೇಳಿ ಬಂದ ಬಸ್ಸು ಹತ್ತಿ ಹೋದ. ಮದುವೆಯಾಗಿ ಇನ್ನೂ ವಾರವಾಗಿರಲಿಲ್ಲ.

ನೋಲ್ವಿಯಾ ಅವನ ಹಿಂದೆ ಓಡಲಿಲ್ಲ. ಕಾಲು ಕರೆದುಕೊಂಡು ಹೋದ ಕಡೆ ಕಲ್ಲಿನ ಏರು ಹತ್ತುತ್ತ ಹೋದಳು. ಹತ್ತಿದ್ದು ಲಾ ಲೇಯೋನಾ ಉದ್ಯಾನಕ್ಕೆ. ಅಲ್ಲಿ ಬೆಂಚಿನ ಮೇಲೆ ಸುಮ್ಮನೆ ಕೂತಳು. ಅವಳೇ ಹೇಳಿದ್ದು, ಯಾರ ಬಟ್ಟೆಯೂ ತನಗಾಗಿ ಕಾಯದೆ, ತಾನೊಬ್ಬಳೇ ಕೂತ ಮಧ್ಯಾಹ್ನ ಅದುವರೆಗೆ ಅವಳ ಬಾಳಿನಲ್ಲಿ ಬಂದೇ ಇರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲವಂತೆ. ಅಂಚಿನ ಕಟಾಂಜನದ ಬಳಿ ಹೋಗಿ ನೋಡಿದರೆ ಕೆಳಗೆ ಇಡೀ ಪಟ್ಟಣ. ನದಿಯಾಚೆ ಒಂದು ಗುಡ್ಡ, ಅದರ ಮೈತುಂಬ ನೀಲಿ, ಗುಲಾಬಿ, ತುಕ್ಕುಗೆಂಪು ಮನೆಗಳು.

“ಅಷ್ಟು ಚೆಂದ ಕಾಣ್ತಿದೆಯಲ್ಲ, ಅದು ಯಾವ ಕಡೆ?” ಎಂದು ಐಸ್ ಮಾರುವವನನ್ನು ಕೇಳಿದಳು.

ಅವನು ಹೆಸರು ಹೇಳಿದ. ನಮ್ಮದೇ ಗುಡ್ಡ.

ಸಂಜೆ ಅವಳು ತನ್ನ ಮನೆಗೂ ಹೋಗದೆ ನೇರ ನನ್ನ ಒಲೆಯ ಬಳಿಗೆ ಬಂದಳು. ನಡೆದದ್ದೆಲ್ಲ ಹೇಳಿ ಕೇಳಿದಳು: “ನಾಳೆ ಮಧ್ಯಾಹ್ನ ನಿಮ್ಮ ಸೂರು ಹತ್ತಿ ಆ ಹಳದಿ ದುಪ್ಪಟಿ ಬೀಸ್ತೀಯೇನೇ?”

“ಬಿಸಿಲಿಗೆ ತಲೆ ಕೆಟ್ಟಿದೆಯಾ ನಿಮಗೆ?”

“ನಮ್ಮನೆ ಯಾವುದು ಅಂತ ಗೊತ್ತಾಗ್ಬೇಕು ಕಣೇ. ಅವನಿಗೆ ತೋರಿಸ್ಬೇಕು.”

ಬೆಳಗ್ಗೆ ತೆಯೋದುಲೊ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವಳ ಹಿಂದೆ ಮೆಟ್ಟಿಲಿಳಿದು ಹೋದ. ಅವಳು ಅವನಿಗೆ ಏನು ಹೇಳಿ ಒಪ್ಪಿಸಿದಳೋ, ಆ ಮಾತು ಮಾತ್ರ ತಗಡಿನ ಈಚೆ ಬರಲಿಲ್ಲ.

ರೇಡಿಯೊ ಹನ್ನೆರಡು ಹೇಳಿದ ಕೂಡಲೇ ನಾನು ಸೂರು ಹತ್ತಿದೆ. ಎದುರು ಮನೆಯ ಬೆರ್ತಿಲಾ ಬಾಗಿಲಿಗೆ ಬಂದು, “ಏನೇ, ಯಾರಿಗೆ ಸನ್ನೆ ಮಾಡ್ತಿದೀಯ? ಗಂಡನಿಗೆ ಹೇಳ್ಲಾ?” ಎಂದು ಕೆಣಕಿದಳು.

“ನೋಲ್ವಿಯಾ ಲಾ ಲೇಯೋನಾದಲ್ಲಿ ನಿಂತು ನೋಡ್ತಿದಾಳೆ.”

“ಹೌದಾ? ಹಂಗಾದ್ರೆ ನಮ್ಮನೇನೂ ನೋಡ್ಲಿ!” ಎಂದು ಮೇಜಿನ ಬಟ್ಟೆ ಎಳೆದುಕೊಂಡು ಅವಳೂ ಹತ್ತಿದಳು. ಸುದ್ದಿ ಸೂರಿನಿಂದ ಸೂರಿಗೆ ಹಾರಿತು. ನೋಡನೋಡುತ್ತಲೇ ಪರದೆ, ಲಂಗ, ಫುಟ್ಬಾಲ್ ಅಂಗಿ, ಯಾರದೋ ಕೂಸಿನ ಒದ್ದೆ ಬಟ್ಟೆ, ಎಲ್ಲ ಗಾಳಿಗೆ ಬಂದವು. ನನ್ನ ತೋಳು ಸೋತಿತು. ಆಚೆ ಉದ್ಯಾನವೆಂದು ಕಾಣುತ್ತಿದ್ದದ್ದು ಹಸಿರಿನ ಒಂದು ಗೀರು, ಅಷ್ಟೇ. ನಗುತ್ತಿದ್ದ ನನಗೆ ಇದ್ದಕ್ಕಿದ್ದಂತೆ ಕಣ್ಣು ತುಂಬಿತು. ಕೆಳಗಿನವರು ನಮ್ಮ ಗುಡ್ಡವನ್ನು ದಿನವೂ ನೋಡುತ್ತಾರೆ. ಆದರೆ ಇದರಲ್ಲಿ ಯಾರ ಮನೆ ಎಲ್ಲಿದೆಯೆಂದು ಹುಡುಕಿ ನೋಡಿದವರು ಯಾರಾದರೂ ಇದ್ದರೇ?

ಸಂಜೆ ತೆಯೋದುಲೊನ ದನಿ ಮೆಟ್ಟಿಲಿನಿಂದಲೇ ಕೇಳಿತು. “ದಿಲ್ಸಿಯಾ, ನಿನ್ನ ದುಪ್ಪಟಿ ಯಾವುದು ಮಗಳೇ? ಗುಡ್ಡಕ್ಕೆ ಗುಡ್ಡವೇ ಹಾರಾಡ್ತಿತ್ತು!”

“ಮನೆ ಸಿಕ್ತಾ?”

“ಎಲ್ಲಿ ಸಿಗುತ್ತೆ! ಇವಳೊಂದು ತೋರಿಸ್ತಾಳೆ, ನಾನೊಂದು ತೋರಿಸ್ತೀನಿ. ಅದಕ್ಕೂ ಜಗಳ ಆಡ್ಕೊಂಡೇ ಬಂದ್ವಿ.”

ನೋಲ್ವಿಯಾ ಆಮೇಲೆ ನನಗೆ ಹೇಳಿದಳು. ಕಟಾಂಜನಕ್ಕೆ ಒರಗಿಕೊಂಡು, “ನಿನಗೆ ಆ ಕುರ್ಚಿ ಅಷ್ಟು ಬೇಕಿತ್ತು ಅಂತ ಗೊತ್ತಾಗ್ಲಿಲ್ಲ” ಎಂದು ಅವಳು ಅಂದಳಂತೆ. ಅವನು ಗುಡ್ಡವನ್ನೇ ನೋಡುತ್ತ, “ನನಗೂ ನಿನ್ನೆವರೆಗೂ ಗೊತ್ತಿರ್ಲಿಲ್ಲ” ಎಂದನಂತೆ.

ಅವರದ್ದು ಆರು ವರ್ಷದ ಸಂಸಾರ. ಬಣ್ಣದ ಧೂಳು ತೆಯೋದುಲೊನ ಎದೆಗೆ ಇಳಿದಿತ್ತು. ಕೊನೆಗೆ ಉಸಿರೇ ಅವನಿಗೆ ಭಾರವಾಗಿ ತೀರಿಕೊಂಡ. ತೇಲಾಗೆ ಹೋಗುವುದು ಆಗಲೇ ಇಲ್ಲ. ಅದರ ನೋವಿದೆಯೇ ಎಂದು ಕೇಳಿದರೆ ನೋಲ್ವಿಯಾ, “ಇದೆ. ಯಾಕಿರಲ್ಲ?” ಎನ್ನುತ್ತಾಳೆ. ಇಲ್ಲವೆಂದು ಹೇಳಿ ದೊಡ್ಡವಳಾಗುವ ಹೆಂಗಸಲ್ಲ ಅವಳು.

ಈಗಲೂ ಎರಡು ಮನೆಯ ಇಸ್ತ್ರಿ ಇಟ್ಟುಕೊಂಡಿದ್ದಾಳೆ. ಭಾನುವಾರ ಬಂತೆಂದರೆ ತಾನು ಯಾವತ್ತೂ ಹತ್ತದ ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗುತ್ತಾಳೆ. ಮೊನ್ನೆ ನಾನೂ ಹೋಗಿದ್ದೆ. ಇಳಿದ ಕಡೆ ಒಂದು ಫುಟ್ಬಾಲ್ ಮೈದಾನ, ಎರಡು ನಾಯಿ, ಬೀಗ ಹಾಕಿದ ಅಂಗಡಿ.

“ಇಲ್ಲೇನಿದೆ ದೋನ್ಯಾ ನೋಲ್ವಿಯಾ?” ಎಂದೆ.

“ಬಂದು ಇನ್ನೂ ಎರಡು ನಿಮಿಷ ಆಗಿಲ್ಲ. ತಡಿಯೇ, ನೋಡೋಣ.”

ರಸ್ತೆಯಂಚಿನಲ್ಲಿ ಕೂತು ನೋಡಿದೆವು. ಚಾಲಕ ಹಾರ್ನ್ ಹೊಡೆದ ಮೇಲೂ ಅವಳು ಏಳಲಿಲ್ಲ; ಮುಂದಿನ ಬಸ್ಸಿಗೆ ಬಂದೆವು.