ಒಡೆಯದ ಗಡಿಗೆ

ಹೋದ ವಾರ ಲ್ಯಾಬಿನಲ್ಲಿ ಗ್ರಾಫೀನ್ ಡಬ್ಬಿಯ ಮುಚ್ಚಳ ತೆಗೆಯುವಾಗ ಬೆರಳಿಗೆ ಕಪ್ಪು ಹತ್ತಿತು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯಿಂದ ಹೋಗಲಿಲ್ಲ. ಕುಕನೂರಿನ ನಮ್ಮ ಓಣಿಯ ಕುಂಬಾರ ಕಾಕಾ ನೆನಪಾದ...

ಗ್ರಾಫೀನ್ ಅಂದರೆ ಪೆನ್ಸಿಲ್ ಕಡ್ಡಿಯ ಇಂಗಾಲವನ್ನೇ ತೆಳ್ಳನೆಯ ಪದರಾಗಿ ಬಿಡಿಸಿದ ಪುಡಿ. ಸಿರಾಮಿಕ್‌ಗೆ ಚಿಟಿಕೆಯಷ್ಟು ಬೆರೆಸಿದರೆ ಓಡುವ ಬಿರುಕು ಅಲ್ಲೇ ನಿಲ್ಲುತ್ತದೆ. ಕೆಲವು ವರ್ಷದ ಹಿಂದೆ ಊರಿಗೆ ಹೋದಾಗ ಇದನ್ನು ಕಾಕಾನ ಮುಂದೆ ಜಂಬದಿಂದ ಹೇಳಿದ್ದೆ. ಅವನು ಗಂಗಾವತಿ ಮಿಲ್ಲಿನ ಭತ್ತದ ಹೊಟ್ಟನ್ನು ಮಣ್ಣಿಗೆ ಕಲಸುತ್ತಿದ್ದ.

"ನಾವು ಹೊಟ್ಟು ಹಾಕೂದು ಮತ್ಯಾಕಂತ ತಿಳ್ಕೊಂಡಿ? ತಾ ನಿನ್ನ ಪುಡಿ, ನೋಡೂಣು," ಎಂದ.

ಮುಂದಿನ ಸಲ ಒಯ್ದು ಕೊಟ್ಟೆ. ಒಂದೇ ಒಂದು ಗಡಿಗೆ ಮಾಡಿದ. ಹೊಗೆ ಹೊರಗೆ ಹೋಗದಂತೆ ಮುಚ್ಚಿ ಸುಟ್ಟು, ಕಪ್ಪಗೆ ತೆಗೆದ. ಬೆರಳಿನಿಂದ ಬಡಿದು ನೋಡಿ ನಕ್ಕ.

"ಒಡಿಯೂದಿಲ್ಲಂದ್ರ ಛಲೋನ. ಆದ್ರ ಒಡಿಯಾಕಂತನ ಮಾಡೂ ಗಡಿಗೀನೂ ಅದಾವೋ ತಮ್ಮಾ."

ಅದನ್ನು ಮಾರದೆ ಮೂಲೆಯಲ್ಲಿಟ್ಟ.

ಆ ಬೇಸಿಗೆಯಲ್ಲೇ ಕಾಕಾ ಹೋದ. ಮಣ್ಣು ತುಳಿಯುತ್ತಿದ್ದವನು ಅಲ್ಲೇ ಕುಸಿದನಂತೆ... ನಾನು ರಜೆಗೆ ಊರಲ್ಲಿದ್ದೆ. ಕಾಕಾನ ಮಗ ಕೈಗೆ ಸಿಕ್ಕ ಗಡಿಗೆಗೆ ನೀರು ತುಂಬಿ ಹೆಗಲಿಗೇರಿಸಿದ್ದ. ಸುಡುಗಾಡಿನಲ್ಲಿ ನೋಡಿದರೆ ಅದೇ ಕಪ್ಪು ಗಡಿಗೆ. ಇದು ಬೇಡ ಎಂದು ಹೇಳಬಹುದಿತ್ತು. ಗಡಿಗೆ ಸುಡುವಾಗಲೇ ಪುಡಿ ಉರಿದು ಹೋಗಿರುತ್ತದೆ, ಗಡಿಗೆ ಗಡಿಗೆಯೇ ಎಂದುಕೊಂಡು ಸುಮ್ಮನಾದೆ.

ಮಗ ಚಿತೆಯನ್ನು ಮೂರು ಸುತ್ತು ಬಂದ. ಸುತ್ತಿಗೊಂದರಂತೆ ಗಡಿಗೆಗೆ ತೂತು ಹೊಡೆದರು. ತೂತು ಬಿತ್ತು, ಬಿರುಕು ಓಡಲಿಲ್ಲ. ಕೊನೆಗೆ ಮಗ ಹೆಗಲಿನಿಂದ ಹಿಂದಕ್ಕೆ ಬಿಟ್ಟ ಗಡಿಗೆ ಧಪ್ಪೆಂದು ಬಿದ್ದು, ಉರುಳಿ, ನನ್ನ ಕಾಲ ಬಳಿ ನಿಂತಿತು. ಒಡೆಯದಿದ್ದರೆ ಜೀವ ಮನೆ ಬಿಡುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಹಿರಿಯರೊಬ್ಬರು ಕಲ್ಲೆತ್ತಿ ಹಾಕಿದರು. ಮೂರನೆಯ ಏಟಿಗೆ ಒಡೆಯಿತು.

"ಅಪ್ಪಗ ಹೋಗಾಕ ಮನಸ್ಸಿಲ್ರಿ," ಎಂದ ಮಗ. ಆ ಮಾತು ಮನೆಯಲ್ಲಿದ್ದ ಕಾಕಿಗೂ ಮುಟ್ಟಿತು.

ಅದು ನನ್ನ ಪುಡಿಯ ಕೆಲಸವೋ, ಕಾಕಾನ ಕೈಯ ಕಸುವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮೊನ್ನೆ, ಉಗುರಿನಿಂದ ಇನ್ನೂ ಹೋಗದ ಆ ಕಪ್ಪು ನೋಡುತ್ತಿದ್ದಂತೆ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಡೋಣವೆಂದು ಊರಿನ ಬಸ್ಸು ಹತ್ತಿದೆ. ಕಾಕಿ ಬಾಗಿಲಲ್ಲಿ ಕುಳಿತಿದ್ದಳು. ಒಳಗೆ ತಿರುಗದೆ ನಿಂತ ಕಾಕಾನ ತಿಗರಿ ಚಕ್ರದ ಪಕ್ಕ ಚಾಪೆ ಹಾಸಿತ್ತು. ಅದರ ಮುಂದೆ ಒಂದು ಊಟದ ಗಂಗಾಳ, ಒಂದು ತಂಬಿಗೆ ನೀರು.

"ಕಾಕೀ, ಅವತ್ತಿನ ಆ ಗಡಿಗಿ..." ಎಂದೆ.

"ಮೆಲ್ಲಕ ಮಾತಾಡಪಾ. ನಿಮ್ಮ ಕಾಕಾ ಈಗರ ಉಂಡು ಮಲಗ್ಯಾರ."

ಪುಡಿಯ ವಿಷಯ ಹೇಳಿದರೆ ಕಾಕಾ ಅವಳ ಪಾಲಿಗೆ ಅಂದೇ ಸಾಯುತ್ತಿದ್ದ. ಬಂದ ದಾರಿಯಲ್ಲೇ, ಸಪ್ಪಳವಾಗದಂತೆ ತಿರುಗಿ ಬಂದೆ.